ಅರ್ಧ ಗಂಟೆಯಲ್ಲಿ ಕಪ್ಪಾಗುವ 'ನ್ಯಾಚುರಲ್' ಹುಡಿ ತಲೆಗೆ ಹಾಕ್ಬೇಡಿ, ನನಗಾದದ್ದು ನಿಮಗೆ ಬೇಡ

ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯಾ, ನಮ್ಮ ಕಾಸರಗೋಡಿನ ಯಾರೇ ಇದ್ರೂ ದಯವಿಟ್ಟು ಪೂರ್ತಿ ಓದಿ. ಜಾತ್ರೆ ಸ್ಟಾಲಲ್ಲಿ, ವಾಟ್ಸಾಪ್ ಗ್ರೂಪಲ್ಲಿ "ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್" ಅಂತ ತಲೆಗೆ ಹಚ್ಚುವ ಕಪ್ಪು ಹುಡಿ, ಹಲ್ಲುಜ್ಜುವ ಹುಡಿ ಮಾರ್ತಾ ಇದ್ದಾರೆ. ತಗೊಳ್ಬೇಡಿ. ನಾನು ತಗೊಂಡೆ, ಅನುಭವಿಸಿದೆ, ಇದನ್ನು ಟೈಪ್ ಮಾಡುವಾಗ್ಲೂ ಕಿವಿಯ ಹಿಂದೆ ಸಿಪ್ಪೆ ಏಳ್ತಾ ಉಂಟು. ಮಾರಿದವರ ಹೆಸರು ಹಾಕುದಿಲ್ಲ. ಹೆಸರು ಅವರು ನಾಳೆಯೇ ಬದಲು ಮಾಡ್ತಾರೆ, ಹುಡಿ ಮಾತ್ರ ಅದೇ ಇರ್ತದೆ, ಹಾಗಾಗಿ ಹುಡಿಯ ವಿಷಯವೇ ಹೇಳ್ತೇನೆ.

ಮೊದಲೇ ಹೇಳ್ತೇನೆ, ನಾನು ಹುಡಿಯ ವಿರೋಧಿ ಅಲ್ಲ. ಹುಟ್ಟಿದ್ದೇ ಅದ್ರಲ್ಲಿ. ಅಜ್ಜಿ ದಾಸವಾಳದ ಸೊಪ್ಪು ಕಿವುಚಿ ಲೋಳೆ ತೆಗೆದು ತಲೆಗೆ ಹಾಕ್ತಿದ್ರು, ಎಣ್ಣೆ ಸ್ನಾನದ ದಿನ ಬಾಗೆ ಹುಡಿ, ಸೀಗೆ ಹುಡಿ. ಹಲ್ಲಿಗೆ ಮಾವಿನ ಎಲೆ, ಇಲ್ಲದಿದ್ರೆ ಉಮಿಕರಿಗೆ (ಭತ್ತದ ಉಮಿ ಸುಟ್ಟ ಕರಿ) ಚೂರು ಉಪ್ಪು. ಅದಕ್ಕೇ ನಮ್ಮಂಥವರಿಗೆ ಯಾರಾದ್ರೂ "ಹುಡಿ" ಅಂದ್ರೆ ಸಾಕು, ಮತ್ತೆ ಪ್ರಶ್ನೆ ಕೇಳುದೇ ಇಲ್ಲ. ಈ ಜನ ಹಿಡಿದದ್ದು ಸರಿಯಾಗಿ ಅಲ್ಲಿಗೇ.

ಕೂದಲು ಉದುರ್ತಾ ಇತ್ತು, ಶಾಂಪೂ ಹಾಕಿಯೇ ಹೀಗಾದದ್ದು ಅಂತ ನನಗೆ ಅನಿಸ್ತಿತ್ತು, ಮುಂದೆ ಎಲ್ಲ ಬಿಳಿ. ಇನ್ನು ಬಾಟ್ಲಿ, ಟ್ಯೂಬ್ ಎಲ್ಲ ಬಿಟ್ಟು ಹಳೇ ಕ್ರಮಕ್ಕೇ ಹೋಗುವ ಅಂತ ಮನಸ್ಸು ಮಾಡಿದ್ದೆ. ಡಿಸೆಂಬರಲ್ಲಿ ಒಂದು ಜಾತ್ರೆಗೆ ಹೋದಾಗ ಈ ಸ್ಟಾಲ್ ಕಂಡಿತು. ಆ ಹೆಂಗಸು ನನ್ನ ಹತ್ರ ನಮ್ಮ ಕನ್ನಡದಲ್ಲೇ ಮಾತಾಡಿದ್ದು, ಅಮ್ಮನ ಹತ್ರ ತುಳುವಲ್ಲಿ. "ಅಕ್ಕ ನಿಮ್ಮ ತವರು ಎಲ್ಲಾಯ್ತು" ಅಂತ ಕೇಳಿ, ಅದೇ ಕಡೆ ತನ್ನ ಚಿಕ್ಕಮ್ಮನ ಮನೆ ಉಂಟು ಅಂದ್ಲು. ಇಲ್ಲಿ ಅಂಗಡಿಗೆ ಹೋದ್ರೂ, ಆಫೀಸಿಗೆ ಹೋದ್ರೂ ನಮಗೆ ಮಲಯಾಳಂ ಓದ್ಲಿಕ್ಕೆ ಬಾರದೆ ಪರದಾಡುವುದು ನಿಮಗೆಲ್ಲ ಗೊತ್ತುಂಟು, ಯಾರಾದ್ರೂ ಪ್ರೀತಿಯಿಂದ ಕನ್ನಡದಲ್ಲಿ ವಿವರಿಸಿದ್ರೆ ಅರ್ಧ ನಂಬಿಕೆ ಅಲ್ಲೇ ಬರ್ತದೆ. ಪ್ಯಾಕೆಟ್ ಮೇಲೆ ಎಲ್ಲ ಮಲಯಾಳಂ, ಇಂಗ್ಲಿಷ್ ಸಣ್ಣ ಅಕ್ಷರ. ನಾನು ಓದ್ಲಿಲ್ಲ, ಅವಳೇ ಹೇಳಿದ್ಲು: "ಮದರಂಗಿ, ನೆಲ್ಲಿಕಾಯಿ, ಭೃಂಗರಾಜ, ನೀಲಿ ಸೊಪ್ಪು, ಬೇರೆ ಎಂತದೂ ಇಲ್ಲ ಅಕ್ಕ. ನೀರಲ್ಲಿ ಕಲಸಿ, ಹಚ್ಚಿ, ಅರ್ಧ ಗಂಟೆ, ಕಪ್ಪು."

ಸೀಗೆ ಮಿಕ್ಸ್ ಹುಡಿ ಒಂದು, ಕಪ್ಪು ಹುಡಿ ಎರಡು, ಹಲ್ಲಿನ ಹುಡಿ ಎರಡು, ಒಟ್ಟು 1450 ರೂಪಾಯಿ. ಜಿಪೇ ಮಾಡಿದೆ. ಬಿಲ್ ಕೇಳ್ಲಿಲ್ಲ. ಬಿಲ್ ಕೇಳ್ಲೇ ಇಲ್ಲ ನಾನು.

ಅರ್ಧ ಗಂಟೆಯಲ್ಲಿ ಕಪ್ಪು ಅಂದಾಗಲೇ ನನಗೆ ತಿಳಿಯಬೇಕಿತ್ತು. ಸಣ್ಣಂದಿನಿಂದ ಮದರಂಗಿ ಅರೆದು ಕೈಗೆ ಇಟ್ಟವಳು ನಾನು, ರಾತ್ರಿ ಇಡೀ ಇಟ್ಟುಕೊಂಡು ಮಲಗಿದ್ರೆ ಬೆಳಿಗ್ಗೆ ಕೈ ಕೆಂಪು. ಯಾವತ್ತಾದ್ರೂ ಕಪ್ಪಾಗಿತ್ತಾ? ಮದರಂಗಿಯ ಬಣ್ಣವೇ ಕೆಂಪು-ಕಿತ್ತಳೆ, ಅದ್ರಲ್ಲಿ ಇರುವ ಲಾಸೋನ್ ಅನ್ನುವ ವಸ್ತುವಿನಿಂದ ಬರುದದು. ನೀಲಿ ಸೊಪ್ಪಿನ ಹುಡಿಯಿಂದ ಕಪ್ಪು ಬರ್ತದೆ ನಿಜ, ಆದ್ರೆ ಮೊದಲು ಮದರಂಗಿ ಹಾಕಿ ತೊಳೆದು ಆಮೇಲೆ ನೀಲಿ ಹಾಕ್ಬೇಕು, ಗಂಟೆಗಟ್ಟಲೆ ಕೆಲಸ, ಬಣ್ಣ ಪೂರ್ತಿ ಏರ್ಲಿಕ್ಕೆ ಮತ್ತೆ ಒಂದೆರಡು ದಿನ. ಇದೆಲ್ಲ ಆಮೇಲೆ ಕೇಳಿ ತಿಳಿದದ್ದು. ಆದ್ರೆ ಕೈ ಕೆಂಪಾಗುದು ಗೊತ್ತಿತ್ತಲ್ಲ! ಕಣ್ಣೆದುರು ಇದ್ದ ವಿಷಯ, ಕನ್ನಡಿಯಲ್ಲಿ ಕಪ್ಪು ಕೂದಲು ನೋಡಿದ ಖುಷಿಗೆ ತಲೆಗೇ ಹೋಗ್ಲಿಲ್ಲ.

ಯಾಕಂದ್ರೆ ಮೊದಲ ಸಲ ಎಂತದೂ ಆಗ್ಲಿಲ್ಲ. ಚಂದ ಕಪ್ಪಾಯ್ತು. ಅತ್ತಿಗೆಗೂ ಹೇಳಿದೆ, ನಾದಿನಿಗೂ ಹೇಳಿದೆ, ಅವರೂ ತರಿಸಿದ್ರು. ಅದು ಈಗ ನೆನಪಾದ್ರೆ ಹೊಟ್ಟೆ ಉರೀತದೆ.

ಫೆಬ್ರವರಿಯಲ್ಲಿ ಅಣ್ಣನ ಮಗಳ ಮದುವೆ, ಆದಿತ್ಯವಾರ. ಗುರುವಾರ ಸಂಜೆ ಎರಡನೇ ಪ್ಯಾಕೆಟ್ ಹಚ್ಚಿದೆ. ಶುಕ್ರವಾರ ಹಣೆಯ ಅಂಚಲ್ಲಿ ತುರಿಕೆ, ಸೆಕೆಗೆ ಅಂತ ಬಿಟ್ಟೆ. ರಾತ್ರಿ ಕಿವಿ, ಕುತ್ತಿಗೆ ಎಲ್ಲ ಕೆಂಪು, ನೀರು ಒಸರ್ಲಿಕ್ಕೆ ಸುರು. ಶನಿವಾರ ಬೆಳಿಗ್ಗೆ ಎದ್ದರೆ ಕಣ್ಣೇ ಬಿಡ್ಲಿಕ್ಕೆ ಆಗ್ತಿಲ್ಲ, ರೆಪ್ಪೆ ಎರಡೂ ಊದಿ ಮುಚ್ಚಿ ಹೋಗಿದೆ. ಮಗ ನೋಡಿ ಹೆದರಿದ. ನಾನು ಮೊದಲು ಮಾಡಿದ್ದು ಎಂತ ಗೊತ್ತುಂಟಾ, ಡಾಕ್ಟ್ರಿಗಿಂತ ಮೊದಲು ಹುಡಿ ಮಾರಿದವಳಿಗೆ ಫೋಟೋ ಕಳಿಸಿದ್ದು. ಅಷ್ಟು ನಂಬಿಕೆ.

ಬಂದ ಉತ್ತರ: "ಅಕ್ಕ ಹೆದರ್ಬೇಡಿ, ಇಷ್ಟು ವರ್ಷ ಶಾಂಪೂ ಹಾಕಿ ಒಳಗೆ ಸೇರಿದ ಕೆಮಿಕಲ್ ಈಗ ಹೊರಗೆ ಬರ್ತಾ ಉಂಟು. ಒಳ್ಳೆ ಲಕ್ಷಣ. ಮೂರು ದಿನ ತೆಂಗಿನೆಣ್ಣೆ ಹಾಕಿ, ಇಂಗ್ಲಿಷ್ ಮದ್ದು ಮಾಡ್ಬೇಡಿ."

ಒಳ್ಳೆ ಲಕ್ಷಣ ಅಂತೆ. ಕಣ್ಣು ಮುಚ್ಚಿದವಳಿಗೆ ಒಳ್ಳೆ ಲಕ್ಷಣ. ಅವಳ ಮಾತು ಕೇಳಿ ಮಧ್ಯಾಹ್ನದವರೆಗೆ ಕಾದೆ ನಾನು, ತೆಂಗಿನೆಣ್ಣೆಯೂ ಹಚ್ಚಿದೆ. ಆಮೇಲೆ ತುಟಿ ಊದ್ಲಿಕ್ಕೆ ಸುರುವಾದಾಗ ಯಜಮಾನ್ರು ಬೈದು ಕಾರು ಮಾಡಿ ಮಂಗ್ಳೂರಿಗೆ ಕರ್ಕೊಂಡು ಹೋದ್ರು. ಮುಖಕ್ಕೆ ಶಾಲು ಸುತ್ತಿ ಕೂತಿದ್ದೆ. ಇಂಜೆಕ್ಷನ್, ಹತ್ತು ದಿನದ ಸ್ಟಿರಾಯ್ಡ್ ಮಾತ್ರೆ. ಆದಿತ್ಯವಾರ ಮದುವೆ ಹಾಲಲ್ಲಿ ಧಾರೆಯ ಹೊತ್ತಿಗೆ ನಾನು ಒಳಗಿನ ರೂಮಲ್ಲಿ ಬಾಗಿಲು ಹಾಕಿ ಕೂತಿದ್ದೆ. ಎತ್ತಿ ಆಡಿಸಿದ ಹುಡುಗಿಯ ಮದುವೆ. ಫೋಟೋದಲ್ಲಿ ನಾನಿಲ್ಲ.

ಚರ್ಮದ ಡಾಕ್ಟ್ರು ನೋಡಿದ ಕೂಡ್ಲೇ ಕೇಳಿದ್ದು, "ಡೈ ಹಾಕಿದ್ರಾ?" ನಾನು ಖಡಾಖಂಡಿತ ಹೇಳಿದೆ, ಇಲ್ಲ ಡಾಕ್ಟ್ರೆ, ಡೈ ಅಲ್ಲ, ಮದರಂಗಿ ಹುಡಿ, ನ್ಯಾಚುರಲ್. "ಎಷ್ಟು ಹೊತ್ತಲ್ಲಿ ಕಪ್ಪಾಯ್ತು?" ಅರ್ಧ ಗಂಟೆ. ಅವರು ಪೆನ್ನು ಕೆಳಗಿಟ್ಟು "ಹಾಗಾದ್ರೆ ಪ್ಯಾಕೆಟ್ ತಂದು ತೋರಿಸಿ" ಅಂದ್ರು.

ಮನೆಗೆ ಬಂದು ಪ್ಯಾಕೆಟ್ ತೆಗೆದು ನೋಡಿದ್ರೆ ಹಿಂದೆ ಒಂದು ಸ್ಟಿಕ್ಕರ್. ಅದ್ರಲ್ಲಿ ಎಲೆಯ ಚಿತ್ರ, ಸೊಪ್ಪಿನ ಹೆಸರುಗಳು. ಮೂಲೆ ಸ್ವಲ್ಪ ಎದ್ದಿತ್ತು. ಮಗ ಬಿಸಿ ನೀರಿನ ಬಟ್ಟೆ ಇಟ್ಟು ಮೆಲ್ಲ ಎಬ್ಬಿಸಿದ. ಅಡಿಯಲ್ಲಿ ಬೇರೆ ಪ್ರಿಂಟ್ ಉಂಟು! ಬೇರೆ ಕಂಪೆನಿ, ಬೇರೆ ಊರು, ಹೇರ್ ಡೈ ಅಂತ ಸರಿಯಾಗಿ ಬರ್ದಿದೆ, ಪ್ಯಾರಾ ಫಿನೈಲೀನ್ ಡೈಯಮೀನ್ (ಡೈಗೆ ಕಪ್ಪು ಬಣ್ಣ ಕೊಡುವ ಕೆಮಿಕಲ್) ಅಂತ ಬರ್ದಿದೆ, ಕೆಲವರಿಗೆ ಚರ್ಮಕ್ಕೆ ತೊಂದರೆ ಆಗಬಹುದು, ಮೊದಲು ಪರೀಕ್ಷೆ ಮಾಡಿ ಅಂತ ಎಚ್ಚರಿಕೆಯೂ ಬರ್ದಿದೆ. ಆ ಎಚ್ಚರಿಕೆಯ ಮೇಲೇ ಎಲೆಯ ಚಿತ್ರ ಅಂಟಿಸಿದ್ದಾರೆ. ಎಲ್ಲೋ ಸಿಗುವ ಹುಡಿ ಡೈ ತಂದು ಸ್ಟಿಕ್ಕರ್ ಹಾಕಿ ನನಗೆ ಮಾರಿದ್ದು. ನಾನು ಆ ಪ್ಯಾಕೆಟ್ ಕೈಯಲ್ಲಿ ಹಿಡ್ಕೊಂಡು ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ತುರಿಕೆಗಿಂತ ಆ ಹೊತ್ತು ಆದ ಅವಮಾನವೇ ದೊಡ್ಡದು. "ಬೇರೆ ಎಂತದೂ ಇಲ್ಲ ಅಕ್ಕ" ಅಂತ ನನ್ನ ಕೈ ಹಿಡಿದು ಹೇಳಿದ್ಲು.

ಸ್ಟಿಕ್ಕರಲ್ಲಿ 14 ಅಂಕೆಯ ಒಂದು ಲೈಸೆನ್ಸ್ ನಂಬ್ರವೂ ಇತ್ತು. ಅದನ್ನು ತೋರಿಸಿಯೇ "ಗವರ್ನಮೆಂಟ್ ಅಪ್ರೂವ್ಡ್" ಅಂದದ್ದು. ಮಗ ನೋಡಿದ್ರೆ ಅದು ಎಫ್‌ಎಸ್‌ಎಸ್‌ಎಐ ನಂಬ್ರ. ಅದು ತಿನ್ನುವ ವಸ್ತುವಿಗೆ ಕೊಡುದು ಮಾರ್ರೆ, ತಲೆಗೆ ಹಚ್ಚುವುದಕ್ಕಲ್ಲ!

ಫೋಟೋ ತೆಗೆದು ಅವಳಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮರುದಿನ: "ನೂರಾರು ಜನ ತಗೊಂಡಿದ್ದಾರೆ, ಯಾರಿಗೂ ಆಗದ್ದು ನಿಮಗೆ ಮಾತ್ರ ಹೇಗೆ?" ಮತ್ತೆ: "ಮೊದಲನೇ ಸಲ ಹಾಕಿದಾಗ ನೀವೇ ಸೂಪರ್ ಅಂತ ಮೆಸೇಜ್ ಮಾಡಿದ್ದೀರಿ, ಸ್ಕ್ರೀನ್‌ಶಾಟ್ ಉಂಟು. ಅದೇ ಹುಡಿ. ಮದುವೆ ಮನೆಯಲ್ಲಿ ಎಂತಾದ್ರೂ ತಿಂದಿರ್ಬೇಕು."

ಈ ಉತ್ತರಕ್ಕೆ ನಾನೂ ಒಂದು ಕ್ಷಣ ಸುಮ್ಮನಾದೆ, ಹೌದಲ್ಲ, ಮೊದಲ ಸಲ ಆಗ್ಲಿಲ್ಲ ಅಲ್ವಾ ಅಂತ. ಡಾಕ್ಟ್ರ ಹತ್ರ ಕೇಳಿದೆ. ಈ ಅಲರ್ಜಿ ಇರುದೇ ಹಾಗೆ ಅಂದ್ರು. ಮೊದಲ ಸಲ ಮೈ ಅದನ್ನು ಗುರುತು ಹಿಡಿದು ಇಟ್ಕೊಳ್ತದೆ, ಮುಂದಿನ ಸಲ ಹಾಕುವಾಗ ತಿರುಗಿ ಬೀಳ್ತದೆ, ಅದೂ ಕೂಡ್ಲೇ ಅಲ್ಲ, ಒಂದೆರಡು ದಿನ ಬಿಟ್ಟು. ಒಮ್ಮೆ ಬಂದ್ರೆ ಸಾಮಾನ್ಯವಾಗಿ ಜೀವಮಾನಕ್ಕೆ ಉಳೀತದೆ, ಇನ್ನು ನಾನು ಯಾವ ಕಪ್ಪು ಡೈಯನ್ನೂ ಮುಟ್ಟುವ ಹಾಗಿಲ್ಲ. ಅಂದ್ರೆ ಈಗ "ನನಗೆ ಎಂತದೂ ಆಗ್ಲಿಲ್ಲ" ಅಂತ ಖುಷಿಯಲ್ಲಿರುವವರು ಸಹ ಕೇಳಿಸಿಕೊಳ್ಳಿ. ನನ್ನ ಅತ್ತಿಗೆಯದ್ದೂ ಮೊದಲ ಪ್ಯಾಕೆಟ್ ಮುಗ್ದಿತ್ತು, ಎರಡನೆಯದ್ದನ್ನು ನಾನೇ ಹೋಗಿ ಬಿಸಾಡಿ ಬಂದೆ.

ಇನ್ನು ಹಲ್ಲಿನ ಹುಡಿ. ಅದನ್ನು ಅಮ್ಮ ಉಪಯೋಗಿಸಿದ್ದು, ಅಮ್ಮನಿಗೆ 71. ದವಡೆ ಹಲ್ಲು ನೋವು ಇತ್ತು, ಹುಡಿ ಹಾಕಿದ ಎರಡೇ ದಿನಕ್ಕೆ ನೋವು ಹೋಯ್ತು ಅಂತ ಊರಿಡೀ ಹೊಗಳಿದ್ರು. ನೋವು ಹೋದದ್ದು ಆ ಹುಡಿಯಲ್ಲಿದ್ದ ಲವಂಗದಿಂದ. ಲವಂಗ ಜಾಸ್ತಿ ಹಾಕಿದ್ರೆ ಹಲ್ಲಿನ ಬುಡ ಜೋಮು ಹಿಡೀತದೆ, ಹುಳುಕು ಒಳಗೆ ತಿನ್ತಾನೇ ಇರ್ತದೆ. ಮತ್ತೆ ಹುಡಿ ಮರಳಿನ ಹಾಗೆ ತರಿತರಿ, ಅಮ್ಮ ಬೆರಳಲ್ಲಿ ಗಸಗಸ ತಿಕ್ಕುದು. ಒಂದು ದಿನ ತಣ್ಣನೆ ನೀರು ಬಾಯಿಗೆ ಹಾಕಿ ಕಿರುಚಿದ್ರು. ಹಲ್ಲಿನ ಡಾಕ್ಟ್ರು ಹೇಳಿದ್ದು, ಬುಡದಲ್ಲಿ ಸವೆದು ಹೋಗಿದೆ, ಎನಾಮಲ್ ಹೋದ್ರೆ ಮತ್ತೆ ಬೆಳೆಯುದಿಲ್ಲ, ಇಂಥ ಹುಡಿಯಲ್ಲಿ ಹುಳುಕು ತಡೆಯುವ ಫ್ಲೋರೈಡ್ ಸಹ ಇರುದಿಲ್ಲ. ದವಡೆ ಹಲ್ಲು ಕೀಳಬೇಕಾಯ್ತು. ಅವರು ಇನ್ನೊಂದು ಪ್ರಶ್ನೆ ಕೇಳಿದ್ರು, ಆ ಹುಡಿ ಇಲ್ಲದಿದ್ರೆ ಅಮ್ಮನಿಗೆ ಚಡಪಡಿಕೆ ಆಗ್ತದಾ ಅಂತ. ಯಾಕೆ ಅಂದೆ. ಮೊದಲು ಕೆಲವು ಹಲ್ಲುಹುಡಿಗೆ ಹೊಗೆಸೊಪ್ಪು ಸೇರಿಸ್ತಿದ್ರು, 1992ರಲ್ಲಿ ಸರ್ಕಾರ ಅದನ್ನು ನಿಷೇಧ ಮಾಡಿದೆ, ಆದ್ರೆ ಹೆಸರು-ವಿಳಾಸ ಇಲ್ಲದ ಪ್ಯಾಕೆಟಲ್ಲಿ ಎಂತ ಉಂಟು ಅಂತ ಯಾರು ನೋಡಿದ್ದಾರೆ ಅಂದ್ರು. ನಮ್ಮ ಹುಡಿಯಲ್ಲಿ ಇತ್ತು ಅಂತ ನಾನು ಹೇಳುದಿಲ್ಲ. ಕೇಳಿಯೇ ಮೈ ಜುಮ್ಮೆಂದಿತು.

ಹಣ ವಾಪಸ್ ಕೊಡಿ, ಆಸ್ಪತ್ರೆ ಖರ್ಚು ಬೇಡ, ಬರೀ 1450 ಕೊಡಿ, ಮತ್ತೆ ಗ್ರೂಪಲ್ಲಿ ಇದು ಡೈ ಅಂತ ಒಂದು ಸಾಲು ಹಾಕಿ ಅಂತ ಕೇಳಿದೆ. ಈ ಸಲ ಅವಳಲ್ಲ, ಅವಳ ಗಂಡನ ವಾಯ್ಸ್ ಮೆಸೇಜ್. ಅಲ್ಲಿಯವರೆಗೆ "ಅಕ್ಕ", ಅಲ್ಲಿಂದ "ಮೇಡಂ". "ಮೇಡಂ, ಓಪನ್ ಮಾಡಿದ ಪ್ಯಾಕೆಟಿಗೆ ರಿಟರ್ನ್ ಇಲ್ಲ. ನಮ್ಮ ಹೆಸರು ಹಾಳು ಮಾಡಿದ್ರೆ ಕೇಸ್ ಹಾಕ್ತೇವೆ." ಅರ್ಧ ಗಂಟೆಯಲ್ಲಿ ಗ್ರೂಪಿಂದ ತೆಗೆದ್ರು, ಬ್ಲಾಕ್ ಸಹ ಮಾಡಿದ್ರು. ಕೇಸ್ ಹಾಕ್ಲಿ. ಆ ಪ್ಯಾಕೆಟ್, ಸ್ಟಿಕ್ಕರ್, ಜಿಪೇ ಮಾಡಿದ್ದು, ಮೆಸೇಜುಗಳು ಎಲ್ಲ ನನ್ನ ಹತ್ರ ಭದ್ರ ಉಂಟು. 1915ಕ್ಕೆ, ಅದು ಗ್ರಾಹಕರ ಹೆಲ್ಪ್‌ಲೈನ್, ಕಾಲ್ ಮಾಡಿ ದೂರು ಬರೆಸಿದ್ದೇನೆ. ಬಿಲ್ ಉಂಟಾ ಅಂತ ಅವರೂ ಮೊದಲು ಕೇಳಿದ್ದು ಅದನ್ನೇ.

ನಿಮಗೆ ಹುಡಿ ಬೇಕಿದ್ರೆ ಸೀಗೆಕಾಯಿ, ಅಂಟುವಾಳ ಇಡಿಯಾಗಿ ತಂದು ಮನೆಯಲ್ಲೇ ಒಣಗಿಸಿ ಹುಡಿ ಮಾಡಿ, ಕಣ್ಣಿಗೆ ಹೋಗದ ಹಾಗೆ ನೋಡಿಕೊಂಡ್ರೆ ಆಯ್ತು. ಪ್ಯಾಕೆಟ್ ತಗೊಳ್ಳುದಾದ್ರೆ ತಯಾರು ಮಾಡಿದವರ ವಿಳಾಸ, ಲೈಸೆನ್ಸ್, ಬ್ಯಾಚ್ ನಂಬ್ರ ನೋಡಿ, ಸ್ಟಿಕ್ಕರ್ ಇದ್ರೆ ಉಗುರಲ್ಲಿ ಎಬ್ಬಿಸಿ ನೋಡಿ, ಮಾರುವವರ ಎದುರೇ ನೋಡಿ. ಯಾವುದನ್ನೇ ಆಗ್ಲಿ ಮೊಣಕೈ ಒಳಗೆ ಚೂರು ಹಚ್ಚಿ 48 ಗಂಟೆ ಕಾಯಿರಿ. ಅರ್ಧ ಗಂಟೆಯಲ್ಲಿ ಕಪ್ಪು ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಊದಿದ್ರೆ ಮಾರಿದವರಿಗೆ ಮೆಸೇಜ್ ಮಾಡ್ತಾ ಕೂರ್ಬೇಡಿ, ಡಾಕ್ಟ್ರ ಹತ್ರ ಹೋಗಿ, ಪ್ಯಾಕೆಟ್ ಹಿಡ್ಕೊಂಡು ಹೋಗಿ.

ಇಷ್ಟು ದಿನ ನಾಚಿಕೆಯಿಂದ ಬರೀಲಿಲ್ಲ. ನಿನ್ನೆ ನಾದಿನಿಯ ಫೋನಲ್ಲಿ ಆ ಹುಡಿ ಮಾರುವವಳ ಸ್ಟೇಟಸ್ ನೋಡಿದೆ. ಅದೇ ಪ್ಯಾಕೆಟ್, ಹೊಸ ಸ್ಟಿಕ್ಕರ್, ಈ ಸಲ ಕನ್ನಡದಲ್ಲೇ ಪ್ರಿಂಟ್ ಮಾಡಿಸಿದ್ದಾರೆ, "ವಿಷು ಆಫರ್, ಎರಡು ತಗೊಂಡ್ರೆ ಒಂದು ಫ್ರೀ". ಅದಕ್ಕೇ ಇವತ್ತು ಕೂತು ಬರ್ದದ್ದು.