ಟೊಮೆಟೊ ಕ್ರೇಟ್‌ನಲ್ಲಿ ಗಿಡ ಸಾಗಿಸಿದ ಮೇಲೆ: ಮೂರು ವರ್ಷದ ಅನುಭವ

ಮಾರ್ಕೆಟ್‌ಗೆ ಟೊಮೆಟೊ ತುಂಬಿಕೊಂಡು ಬರುವ ಪ್ಲಾಸ್ಟಿಕ್ ಕ್ರೇಟ್ ಗೊತ್ತಲ್ವಾ? ನಾನು ಬರೆಯುತ್ತಿರುವುದು ಅದರ ಬಗ್ಗೆಯೇ. ರಾಯಚೂರಿನಲ್ಲಿದ್ದಾಗ ಹಳೆಯವು ಆರು ಕೊಂಡಿದ್ದೆ, ಒಂದಕ್ಕೆ 120 ರೂಪಾಯಿ. ಆಮೇಲೆ ಎರಡು ಸಲ ಮನೆ ಬದಲಾಯಿಸಿದೆವು. ಒಮ್ಮೆ ರಾಯಚೂರಿನಿಂದ ಬಳ್ಳಾರಿಗೆ, ಇನ್ನೊಮ್ಮೆ ಬಳ್ಳಾರಿಯಲ್ಲೇ.

ಅದಕ್ಕೂ ಮುಂಚೆ ಕೊಪ್ಪಳದಿಂದ ರಾಯಚೂರಿಗೆ ಬಂದ ಕಥೆ ಬೇರೆ. ಆಗ ಗಿಡಗಳನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದೆವು. ದಾರಿಯಲ್ಲಿ ಬಾಡಬಾರದು ಅಂತ ಹೊರಡುವ ಹೊತ್ತಿಗೆ ನಾನೇ ಎಲ್ಲಕ್ಕೂ ಧಾರಾಳವಾಗಿ ನೀರು ಹಾಕಿದೆ. ಸಿಂಧನೂರು ಬರುವಷ್ಟರಲ್ಲಿ ಡಬ್ಬಿಯ ತಳ ನೆನೆದ ಹಪ್ಪಳವಾಗಿತ್ತು. ಸಾಮಾನು ಸಾಗಿಸುವವರು ಮೊದಲೇ ‘ಗಿಡಕ್ಕೆ ಗ್ಯಾರಂಟಿ ಇಲ್ಲ ಮೇಡಂ’ ಅಂದಿದ್ದರು. ಮಧ್ಯಾಹ್ನ ಮುಚ್ಚಿದ ಲಾರಿಯನ್ನು ಬಿಸಿಲಲ್ಲೇ ನಿಲ್ಲಿಸಿ ಊಟಕ್ಕೆ ಹೋದರು. ಪೀಸ್ ಲಿಲಿ ಬೇಯಿಸಿದ ಪಾಲಕ್ ತರ ಇಳಿಯಿತು.

ಕ್ರೇಟ್‌ನ ದೊಡ್ಡ ಗುಣ ಅಂದರೆ ಸುತ್ತಲೂ ಇರುವ ಕಿಂಡಿ. ಗಾಳಿ ಆಡುತ್ತದೆ, ತಳ ಕಿತ್ತು ಬರುವ ಭಯ ಇಲ್ಲ. ಉದ್ದ 60 ಸೆಂಟಿಮೀಟರ್, ಅಗಲ 40. ಆರಿಂಚಿನ ಕುಂಡ ಆರು ಕೂರುತ್ತವೆ, ಹತ್ತಿಂಚಿನವು ಎರಡೇ. ನಡುವೆ ಉಳಿಯುವ ಜಾಗಕ್ಕೆ ಪೇಪರ್ ತುರುಕಬೇಡಿ, ಒದ್ದೆಯಾದರೆ ಮುದ್ದೆಯಾಗುತ್ತದೆ. ನಾನು ಅಕ್ಕಿ ಗಿರಣಿಯಿಂದ ಎರಡು ಚೀಲ ಭತ್ತದ ಹೊಟ್ಟು ತಂದೆ. ನಮ್ಮ ಕಡೆ ಅದಕ್ಕೇನು ಬರ? ಕ್ರೇಟ್ ಒಳಗೆ ಹಳೆ ಸೀರೆ ಹಾಸಿ, ಕುಂಡ ಇಟ್ಟು, ಸಂದಿಗೆಲ್ಲ ಹೊಟ್ಟು ಸುರಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಗಟ್ಟಿಯಾಗಿ ಕೂರುತ್ತದೆ. ಎಂಥ ಗುಂಡಿ ಬಂದರೂ ಕುಂಡ ಕದಲಲಿಲ್ಲ.

ಆದರೆ ಹೊಟ್ಟಿನ ಮೇಲೆ ಬಟ್ಟೆ ಮುಚ್ಚುವುದು ಮರೆತಿದ್ದೆ. ಮಾನ್ವಿ ದಾಟುವಾಗ ಹಿಂದಿದ್ದ ಬೈಕಿನವನು ಪಕ್ಕಕ್ಕೆ ಬಂದು, ಕಣ್ಣುಜ್ಜಿಕೊಳ್ಳುತ್ತಾ ಬೈದು ಹೋದ. ತಪ್ಪು ನಮ್ಮದೇ. ಗಾಡಿ ನಿಲ್ಲಿಸಿ, ಸೀರೆಯ ಅಂಚನ್ನು ಕುಂಡಗಳ ಸುತ್ತ ಸಿಕ್ಕಿಸಿ, ಎಲೆಗಳಿಗೆ ತೆಳು ಪರದೆ ಬಟ್ಟೆ ಹೊದಿಸಿದೆವು. ತೆರೆದ ಗಾಡಿಯಲ್ಲಿ ಎಲೆ ಹಾಳು ಮಾಡುವುದು ಬಿಸಿಲಿಗಿಂತ ಮೊದಲು ಗಾಳಿ.

ಈ ಸಲ ಎರಡು ದಿನ ಮೊದಲೇ ನೀರು ಹಾಕಿ ನಿಲ್ಲಿಸಿದ್ದೆ. ಮಣ್ಣು ಹಸಿ ಇರಬೇಕು, ಕೆಸರಾಗಬಾರದು. ಎರೆ ಮಣ್ಣಿನ ಕುಂಡಕ್ಕೆ ನೀರು ಕುಡಿಸಿದರೆ ಅದನ್ನು ಎತ್ತುವವರಾರು? ಮೇ ತಿಂಗಳಾದ್ದರಿಂದ ಬೆಳಗಿನ ನಾಲ್ಕಕ್ಕೇ ಹೊರಟೆವು. ದಢೇಸುಗೂರಿನ ಹತ್ತಿರ ತುಂಗಭದ್ರೆ ದಾಟುವಾಗ ಬಿಸಿಲು ಇನ್ನೂ ಎಳೆಯದಿತ್ತು. ಬಳ್ಳಾರಿ ಮುಟ್ಟಿದಾಗ ಮನಿ ಪ್ಲಾಂಟ್‌ನ ಒಂದು ಬಳ್ಳಿ ಮುರಿದಿತ್ತು, ಅಷ್ಟೇ. ಅದನ್ನು ಬಾಟಲಿಯ ನೀರಲ್ಲಿಟ್ಟೆ, ಬೇರು ಬಿಟ್ಟಿತು.

ಫೈಕಸ್ ಮಾತ್ರ ಗಾಬರಿ ಹುಟ್ಟಿಸಿತು. ಹೊಸ ಮನೆಗೆ ಬಂದು ಹತ್ತು ದಿನದಲ್ಲಿ ಅರ್ಧ ಎಲೆ ಉದುರಿಸಿತು. ಜಾಗ, ಬೆಳಕು ಬದಲಾದರೆ ಅದು ಹೀಗೇ. ಅತ್ತೆ ‘ಒಣಗಿತು, ಬಿಸಾಕು’ ಅಂದರು. ಉಗುರಿನಿಂದ ತೊಗಟೆ ಕೆರೆದು ನೋಡಿದೆ, ಒಳಗೆ ಹಸಿರಿತ್ತು. ಗೊಬ್ಬರ ಹಾಕಲಿಲ್ಲ, ಕುಂಡ ಬದಲಾಯಿಸಲಿಲ್ಲ. ಕಿಟಕಿ ಹತ್ತಿರ ಇಟ್ಟು ಸುಮ್ನೆ ಬಿಟ್ಟೆ. ಒಂದೂವರೆ ತಿಂಗಳಿಗೆ ಚಿಗುರಿತು. ಅರೆಕಾ ಪಾಮ್ ಕ್ರೇಟ್‌ಗೆ ಹಿಡಿಸದೆ ಕಾರಿನ ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು ಬಂತು.

ಇನ್ನು ದೂರು. ಒಂದರ ಮೇಲೊಂದು ಇಡಬಹುದು ಅಂತ ಕೊಂಡಿದ್ದು, ಆದರೆ ಗಿಡ ಕ್ರೇಟ್‌ಗಿಂತ ಎತ್ತರ ಇದ್ದರೆ ಅದು ಆಗದ ಮಾತು. ಗಾಡಿಯ ಜಾಗವೆಲ್ಲ ಅದೇ ತಿನ್ನುತ್ತದೆ. ತಳವೂ ಜಾಲರಿ, ಕಾರಿನಲ್ಲಿಟ್ಟರೆ ಕೆಳಗೆ ಪ್ಲಾಸ್ಟಿಕ್ ಹಾಳೆ ಬೇಕೇ ಬೇಕು. ಎಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು ಬಿಸಿಲಿನ ವಿಷಯದಲ್ಲಿ. ಮಾಳಿಗೆ ಮೇಲೆ ಇವನ್ನೇ ಬೋರಲು ಹಾಕಿ ಕುಂಡ ಇಟ್ಟಿದ್ದೆ. ಎರಡನೇ ಬೇಸಿಗೆಗೆ ಬಣ್ಣ ಬೆಳ್ಳಗಾಗಿ, ಸವರಿದರೆ ಕೈಗೆ ಸುಣ್ಣದ ಪುಡಿಯಂತೆ ಅಂಟುತ್ತಿತ್ತು. ಒಂದರ ಹಿಡಿ ಲಟಕ್ ಅಂತ ಮುರಿದು ಲೋಳೆಸರ ನನ್ನ ಕಾಲ ಮೇಲೆ ಬಿತ್ತು. ಕೆಲಸ ಮುಗಿದ ಮೇಲೆ ನೆರಳಿಗೆ ಎತ್ತಿಡಿ. ಹಳೆಯವು ಕೊಳ್ಳುವಾಗ ಹಿಡಿಯನ್ನು ಬಗ್ಗಿಸಿ ನೋಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆರರಲ್ಲಿ ಈಗ ಉಳಿದಿದ್ದು ಐದು. ಒಂದರಲ್ಲಿ ಅಡುಗೆಮನೆಯ ಈರುಳ್ಳಿ ಇದೆ. ಎರಡನ್ನು ಪಕ್ಕದ ಮನೆಯವರು ಹೊಸಪೇಟೆಗೆ ಗಿಡ ಒಯ್ಯಲು ಕೇಳಿ ತೆಗೆದುಕೊಂಡು ಹೋದರು. ದೀಪಾವಳಿಯ ಮುಂಚಿನ ಮಾತದು, ಇನ್ನೂ ವಾಪಸ್ ಬಂದಿಲ್ಲ.