ಹಳೆಯ ಸ್ಲೈಡುಗಳಿಗೆ ಯಾವ ಸ್ಕ್ಯಾನರ್? ಮೂರು ದಾರಿಗಳ ಹೋಲಿಕೆ

ನಮ್ಮ ತಂದೆಯವರು 1970 ಮತ್ತು 80ರ ದಶಕಗಳಲ್ಲಿ ತೆಗೆದ 35 ಮಿ.ಮೀ. ಸ್ಲೈಡುಗಳನ್ನು (ಚೌಕಟ್ಟಿನಲ್ಲಿ ಕೂರಿಸಿದ ಪಾರದರ್ಶಕ ಫಿಲ್ಮ್ ಚಿತ್ರಗಳನ್ನು) ಡಿಜಿಟಲ್ ರೂಪಕ್ಕೆ ತರಲು ಮೂರು ದಾರಿಗಳನ್ನು ಪರೀಕ್ಷಿಸಿ ನೋಡಿದೆ: ಎಪ್ಸನ್ ಪರ್ಫೆಕ್ಷನ್ ವಿ600 ಎಂಬ, ಗಾಜಿನ ಮೇಲೆ ಇಟ್ಟು ಓದುವ ಫ್ಲ್ಯಾಟ್‌ಬೆಡ್, ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 8200ಐ ಎಂಬ ಫಿಲ್ಮ್ ಸ್ಕ್ಯಾನರ್, ತೀರ ಹತ್ತಿರದಿಂದ ಚಿತ್ರ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ಸ್ಲೈಡು ಹಿಡಿಯುವ ನಿಕಾನ್ ಇಎಸ್-2 ಅಡಾಪ್ಟರ್ ತೊಡಿಸಿದ ಡಿಜಿಟಲ್ ಕ್ಯಾಮೆರಾ. ಮೂರಕ್ಕೂ ಒಂದೇ ಸ್ಲೈಡನ್ನು ಒರೆಗಲ್ಲಾಗಿ ಇಟ್ಟುಕೊಂಡೆ. ಅದು ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನಡಿಯ ಮದನಿಕೆಯ ಚಿತ್ರ. ಕೆಳಗಿನ ಗೋಡೆಗೆ ಬಿಸಿಲು ಹೊಡೆದಿದೆ, ಮೇಲಿನ ವಿಗ್ರಹ ಕಡುನೆರಳಿನಲ್ಲಿದೆ. ಸ್ಲೈಡಿನ ನೆರಳು ನೆಗೆಟಿವಿಗಿಂತ ಬಹಳ ದಟ್ಟವಾಗಿರುವುದರಿಂದ ಸ್ಕ್ಯಾನರಿನ ಸತ್ವ ತಿಳಿಯುವುದು ಅಲ್ಲೇ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ 6400, 7200 ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಬಿಂದು ಎಂಬ) ಅಂಕಿಗಳನ್ನು ನೋಡಿ ಕೊಳ್ಳಬಾರದು. ಸಂವೇದಕ ಎಷ್ಟು ಬಿಂದುಗಳನ್ನು ಓದುತ್ತದೆ ಎಂಬುದನ್ನಷ್ಟೇ ಅವು ಹೇಳುತ್ತವೆ. ಲೆನ್ಸು ಎಷ್ಟು ವಿವರವನ್ನು ಬಿಡಿಸಿ ಕೊಡುತ್ತದೆ ಎಂಬುದು ಬೇರೆಯ ಮಾತು. 24×36 ಮಿ.ಮೀ. ಚಿತ್ರವನ್ನು 3600 ಡಿಪಿಐನಲ್ಲಿ ಓದಿದರೆ ಸುಮಾರು 5100×3400 ಪಿಕ್ಸೆಲ್ ಸಿಗುತ್ತದೆ, 16 ಬಿಟ್ ಟಿಫ್ (ವಿವರ ಕಳೆಯದೆ ಉಳಿಸುವ ಕಡತದ ಬಗೆ) ಆಗಿ ಉಳಿಸಿದರೆ ಒಂದೊಂದು ಕಡತವೂ ಸುಮಾರು 100 ಎಂಬಿ ಆಗುತ್ತದೆ. ಮನೆಯ ಸಂಗ್ರಹಕ್ಕೆ ಅದು ಧಾರಾಳ.

ಫ್ಲ್ಯಾಟ್‌ಬೆಡ್ಡಿನ ಅನುಕೂಲವೆಂದರೆ ನಾಲ್ಕು ಸ್ಲೈಡುಗಳನ್ನು ಒಟ್ಟಿಗೆ ಇಟ್ಟು ಬೇರೆ ಕೆಲಸ ನೋಡಬಹುದು. ಆಲ್ಬಮ್ಮಿನ ಫೋಟೋಗಳಿಗೂ ಅದೇ ಯಂತ್ರ ಸಾಕು. ಆದರೆ ಗಾಜಿನ ಮೇಲೆ ಹೋಲ್ಡರಿನಲ್ಲಿ ಕೂತ, ರಟ್ಟಿನ ಚೌಕಟ್ಟಿನೊಳಗೆ ತುಸು ಬಾಗಿದ ಫಿಲ್ಮನ್ನು ಸ್ಥಿರ ಫೋಕಸ್ಸಿನಲ್ಲಿ ಓದುವುದರಿಂದ ಚಿತ್ರ ಮೆತ್ತಗಾಗುವುದು ಈ ವರ್ಗದ ಸ್ವಭಾವ. ನನ್ನ ಸ್ಲೈಡಿನಲ್ಲಿ ಮದನಿಕೆಯ ಕೊರಳ ಹಾರ ಒಂದು ಗೆರೆಯಂತೆ ಕಂಡಿತು. ಫಿಲ್ಮ್ ಸ್ಕ್ಯಾನರಿನಲ್ಲಿ ಅದೇ ಹಾರದ ಮಣಿಗಳು ಬಿಡಿಬಿಡಿಯಾದವು, ತಲೆಯ ಮೇಲಿನ ಬಳ್ಳಿಯ ಚಪ್ಪರದೊಳಗಿನ ಕತ್ತಲಲ್ಲಿ ಎಲೆಗಳ ಅಂಚು ಮೂಡಿತು. ಬೆಲೆಯಾಗಿ ತೆರಬೇಕಾದದ್ದು ತಾಳ್ಮೆ: ಒಂದೊಂದೇ ಸ್ಲೈಡನ್ನು ಕೈಯಿಂದ ಮುಂದಕ್ಕೆ ತಳ್ಳುತ್ತ ಪಕ್ಕದಲ್ಲೇ ಕೂತಿರಬೇಕು.

ಈ ಎರಡರಲ್ಲೂ ಇರುವ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ) ಸೌಲಭ್ಯವನ್ನು ನಾನು ಡಿಪಿಐಗಿಂತ ದೊಡ್ಡದೆಂದು ಎಣಿಸುತ್ತೇನೆ. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಇನ್‌ಫ್ರಾರೆಡ್ ಬೆಳಕನ್ನು ಹಾಯಗೊಡುತ್ತವೆ, ದೂಳು ಮತ್ತು ಗೀರುಗಳು ತಡೆಯುತ್ತವೆ. ಆ ವ್ಯತ್ಯಾಸದಿಂದ ಕಲೆಯ ಜಾಗವನ್ನು ಗುರುತಿಸಿ ತಂತ್ರಾಂಶ ಅದನ್ನು ತುಂಬುತ್ತದೆ. ಕೊಡಾಕ್ ಕಂಪನಿಯ ಬಣ್ಣದ ಫಿಲ್ಮಾದ ಎಕ್ಟಾಕ್ರೋಮ್ ಸ್ಲೈಡುಗಳಲ್ಲಿ ಇದು ಗಂಟೆಗಟ್ಟಲೆ ಶ್ರಮವನ್ನು ಉಳಿಸಿತು. ಕಪ್ಪುಬಿಳುಪು ಫಿಲ್ಮಿನ ಬೆಳ್ಳಿ ಆ ಬೆಳಕನ್ನೇ ತಡೆಯುವುದರಿಂದ ಅಲ್ಲಿ ಇದನ್ನು ಬಳಸಬಾರದು. ಅದೇ ಕಂಪನಿಯ ಇನ್ನೊಂದು ಬಣ್ಣದ ಫಿಲ್ಮಾದ ಕೊಡಾಕ್ರೋಮಿನಲ್ಲೂ ಎಚ್ಚರ ಬೇಕು, ಕಡುಬಣ್ಣದ ಅಂಚುಗಳನ್ನು ದೂಳೆಂದೇ ಬಗೆದು ಅದು ಅಳಿಸಿಬಿಡಬಹುದು.

ವೇಗದಲ್ಲಿ ಕ್ಯಾಮೆರಾಕ್ಕೆ ಸಾಟಿಯಿಲ್ಲ. ಸ್ಲೈಡು ತೂರಿಸಿ ಗುಂಡಿ ಒತ್ತಿದರೆ ಮುಗಿಯಿತು, ವಿವರವೂ ಫಿಲ್ಮ್ ಸ್ಕ್ಯಾನರಿಗೆ ಸರಿಸಮವಾಗಿಯೇ ಬಂತು. ನೆರಳಿಗಾಗಿ ಹೆಚ್ಚು ಎಕ್ಸ್‌ಪೋಷರಿನಲ್ಲಿ ಇನ್ನೊಂದು ಚಿತ್ರ ತೆಗೆದು ಎರಡನ್ನೂ ಬೆಸೆಯಬೇಕಾಯಿತು, ಬಣ್ಣ ಸರಿಯಾಗಿ ಕಾಣಲು ಒಳ್ಳೆಯ ಎಲ್‌ಇಡಿ ಫಲಕವೂ ಬೇಕಾಯಿತು. ಇಲ್ಲಿ ಇನ್‌ಫ್ರಾರೆಡ್ ಇಲ್ಲದ್ದರಿಂದ ದೂಳಿನ ಪ್ರತಿ ಚುಕ್ಕೆಯೂ ನಮ್ಮ ಪಾಲಿಗೇ ಬರುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೂಷ್ಟು ಹಿಡಿದ ಸ್ಲೈಡುಗಳಿದ್ದರೆ ಈ ಹೊರೆ ಬಹಳ. ಅಂಥವನ್ನು ನೀರಿನಲ್ಲಿ ತೊಳೆಯಲೇಬೇಡಿ. ಬೂಷ್ಟು ತಿಂದ ಜೆಲಟಿನ್ (ಚಿತ್ರವನ್ನು ಹಿಡಿದಿರುವ ಪದರ) ನೀರಿನಲ್ಲಿ ಕರಗಿ ಚಿತ್ರವೇ ಹೋಗುತ್ತದೆ.

ನಾನು ಆರಿಸಿಕೊಂಡದ್ದು ಫಿಲ್ಮ್ ಸ್ಕ್ಯಾನರನ್ನು. ಒಳ್ಳೆಯ ಕ್ಯಾಮೆರಾ, ಮ್ಯಾಕ್ರೋ ಲೆನ್ಸು ಎರಡೂ ಈಗಾಗಲೇ ಮನೆಯಲ್ಲಿದ್ದು, ಸ್ಲೈಡುಗಳು ಸ್ವಚ್ಛವಾಗಿ, ಸಾವಿರಾರು ಸಂಖ್ಯೆಯಲ್ಲಿದ್ದರೆ ಅಡಾಪ್ಟರನ್ನೇ ಕೊಳ್ಳಿ. ಸ್ಲೈಡುಗಳು ಬೆರಳೆಣಿಕೆಯಷ್ಟಿದ್ದು ಆಲ್ಬಮ್ಮುಗಳೇ ಹೆಚ್ಚಾಗಿದ್ದರೆ, ಅಥವಾ 6×6 ಸೆಂ.ಮೀ. ನೆಗೆಟಿವುಗಳೂ ಇದ್ದರೆ, ಫ್ಲ್ಯಾಟ್‌ಬೆಡ್ಡೇ ಸರಿ, 35 ಮಿ.ಮೀ.ಗಷ್ಟೇ ಮೀಸಲಾದ ಯಂತ್ರದೊಳಗೆ ಅವು ಹೋಗುವುದಿಲ್ಲ.