ಸ್ಟೂಲ್ ರೊಟೀನ್ ಕಣ್ಣಿಗೆ ಬೀಳದ ಕ್ರಿಪ್ಟೋ

ಮಗುವಿನ ಭೇದಿ ಎರಡು ವಾರ ದಾಟಿದರೆ ಮೊದಲು ಬರೆದುಕೊಡುವುದು ‘ಸ್ಟೂಲ್ ರೊಟೀನ್’, ಅಂದರೆ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಮಾಮೂಲಿ ತಪಾಸಣೆ. ಅಗ್ಗದ ಪರೀಕ್ಷೆ, ವರದಿಯೂ ಬೇಗ ಸಿಗುತ್ತದೆ. ಗಿಯಾರ್ಡಿಯಾ (ಕರುಳಿನ ಏಕಕೋಶ ಪರೋಪಜೀವಿ), ಜಂತುಹುಳು, ಕೊಕ್ಕೆಹುಳುಗಳ ಮಟ್ಟಿಗೆ ಒಳ್ಳೆಯದೇ. ಭೇದಿ ತರುವ ಇನ್ನೊಂದು ಏಕಕೋಶ ಪರೋಪಜೀವಿ ಕ್ರಿಪ್ಟೋಸ್ಪೊರಿಡಿಯಂ (ಕ್ರಿಪ್ಟೋ) ಹುಡುಕಲು ಮಾತ್ರ ಇದನ್ನು ನಂಬಬೇಡಿ.

ಸಲೈನ್, ಅಯೋಡಿನ್ ಸ್ಲೈಡಿನಲ್ಲಿ 4ರಿಂದ 6 ಮೈಕ್ರಾನಿನ ಅದರ ಊಸಿಸ್ಟನ್ನು (ಮಲದಲ್ಲಿ ಹೊರಬೀಳುವ ಕವಚದ ರೂಪ) ಯೀಸ್ಟ್ ಎಂದುಕೊಳ್ಳುವುದು ಬಹಳ ಸುಲಭ. ಬೇರ್ಪಡಿಸಲು ಮಾಡಿಫೈಡ್ ಆ್ಯಸಿಡ್ ಫಾಸ್ಟ್ ಸ್ಟೇನ್ ಎಂಬ ಬಣ್ಣ ಹಾಕುವ ವಿಧಾನ ಬೇಕು. ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಹಾಕಿ, 1% ಸಲ್ಫ್ಯೂರಿಕ್ ಆಮ್ಲದಲ್ಲಿ ತೊಳೆದು, ಮೆಥಿಲೀನ್ ಬ್ಲೂ ಕೊಟ್ಟರೆ ಯೀಸ್ಟ್ ನೀಲಿಯಾಗುತ್ತದೆ, ಕ್ರಿಪ್ಟೋ ಕೆಂಪಾಗಿ ಉಳಿಯುತ್ತದೆ. ಕ್ಷಯದ ಕಫಕ್ಕೆ ಬಳಸುವ 25% ಆಮ್ಲವನ್ನೇ ಇಲ್ಲಿಗೂ ಸುರಿದರೆ ಆ ಕೆಂಪೂ ತೊಳೆದುಹೋಗುತ್ತದೆ. ಆಮೇಲೆ ಎಷ್ಟು ಹುಡುಕಿದರೂ ಸಿಗದು. ಅದೇ ಸ್ಲೈಡಿನಲ್ಲಿ 8ರಿಂದ 10 ಮೈಕ್ರಾನಿನ ಸೈಕ್ಲೋಸ್ಪೊರಾ, ಉದ್ದುದ್ದನೆಯ ಸಿಸ್ಟೊಐಸೊಸ್ಪೊರಾ ಎಂಬ ಇನ್ನೆರಡು ಪರೋಪಜೀವಿಗಳೂ ಸಿಗುತ್ತವೆ. ರೊಟೀನ್‌ನಲ್ಲಿ ಈ ಸ್ಟೇನ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಡಾಕ್ಟರ ಬಳಿ ಚೀಟಿಯಲ್ಲೇ ಬರೆಸಿಕೊಳ್ಳಿ.

ಮಾದರಿ ಕೊಡುವುದರಲ್ಲೂ ಎಡವಟ್ಟಾಗುತ್ತದೆ. ಪರೋಪಜೀವಿಗಳ ಕವಚದ ರೂಪವಾದ ಸಿಸ್ಟ್ ದಿನವೂ ಹೊರಬೀಳುವುದಿಲ್ಲ; ದಿನ ಬಿಟ್ಟು ದಿನ ಮೂರು ಸಲ ಕೊಡಿ. ನೀರಿನಂಥ ಭೇದಿಯನ್ನು ಅರ್ಧ ಗಂಟೆಯೊಳಗೆ ನೋಡಬೇಕು, ತಡವಾದರೆ ಗಿಯಾರ್ಡಿಯಾದ ಚಲಿಸುವ ರೂಪವಾದ ಟ್ರೋಫೋಜಾಯಿಟ್ ಸತ್ತು ಗುರುತು ಸಿಗದಂತಾಗುತ್ತದೆ. ಡೈಪರ್ ನೀರನ್ನೆಲ್ಲ ಹೀರಿಬಿಡುತ್ತದೆ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಹಿಡಿಯಿರಿ. ಮೂತ್ರ ಬೆರೆಯಬಾರದು. ವರದಿಗೆ ಕಾಯುವಾಗ ಓಆರ್‌ಎಸ್, ಜಿಂಕ್ ನಿಲ್ಲಿಸಬೇಡಿ.

ವರದಿಯಲ್ಲಿ ‘ಇ. ಹಿಸ್ಟೊಲಿಟಿಕಾ ಸಿಸ್ಟ್’ (ಆಮಶಂಕೆ ತರುವ ಅಮೀಬಾದ ಸಿಸ್ಟ್) ಎಂದು ಬಂದರೂ ಅದೇ ಕೊನೆಯ ಮಾತಲ್ಲ. ನಿರುಪದ್ರವಿ ಇ. ಡಿಸ್ಪಾರ್‌ನ ಸಿಸ್ಟ್ ಕೂಡ ನೋಡಲು ಹಾಗೆಯೇ ಇರುತ್ತದೆ.

ಎಚ್‌ಐವಿ ಇರುವವರಿಗೆ, ಅದರಲ್ಲೂ ಸಿಡಿ4 (ರೋಗನಿರೋಧಕ ಬಿಳಿ ರಕ್ತಕಣಗಳ ಎಣಿಕೆ) 100ಕ್ಕಿಂತ ಕೆಳಗಿದ್ದರೆ, ಈ ಸ್ಟೇನ್ ಇಲ್ಲದ ಪರೀಕ್ಷೆ ಅರ್ಧ ಪರೀಕ್ಷೆ. ಸಿಸ್ಟೊಐಸೊಸ್ಪೊರಾಗೆ ಕೋಟ್ರೈಮೊಕ್ಸಜೋಲ್ ಚೆನ್ನಾಗಿ ನಾಟುತ್ತದೆ. ಕ್ರಿಪ್ಟೋಗೆ ಮಕ್ಕಳಲ್ಲಿ ನಿಟಾಜೊಕ್ಸನೈಡ್ ಇದೆ (1ರಿಂದ 3 ವರ್ಷದವರಿಗೆ 100 ಮಿ.ಗ್ರಾಂ, ದಿನಕ್ಕೆರಡು ಸಲ, 3 ದಿನ). ಎಚ್‌ಐವಿಯಲ್ಲಿ ಎಆರ್‌ಟಿಯಿಂದ (ಎಚ್‌ಐವಿ ಔಷಧಗಳಿಂದ) ಸಿಡಿ4 ಏರುವವರೆಗೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಮೆಟ್ರೊನಿಡಜೋಲ್ ಈ ಎರಡೂ ಪರೋಪಜೀವಿಗಳಿಗೆ ಕೆಲಸಕ್ಕೆ ಬಾರದು.

ಮೂರು ಪರೋಪಜೀವಿಗಳನ್ನು ಒಟ್ಟಿಗೆ ಹಿಡಿಯುವ ಆ್ಯಂಟಿಜೆನ್ ಕಾರ್ಡ್ (ಅವುಗಳ ಪ್ರೋಟೀನ್ ಗುರುತಿಸುವ ಪರೀಕ್ಷೆ) ಗಿಯಾರ್ಡಿಯಾ, ಕ್ರಿಪ್ಟೋ, ಅಮೀಬಾ ತೋರಿಸುತ್ತದೆ. ಸಿಸ್ಟೊಐಸೊಸ್ಪೊರಾ, ಸೈಕ್ಲೋಸ್ಪೊರಾ ಅದಕ್ಕೆ ಸಿಗವು. ಹಾಗಾಗಿ ಕಾರ್ಡ್ ಮಾಡಿಸಿದರೂ ಸ್ಟೇನ್ ಬಿಡಬೇಡಿ.